ತೌನೊ ಬಿಟ್ಟುಹೋದ ಹಿಮಗಾಡಿ

ಹಿರ್ವಿಲಾ, ಮಿಷಿಗನ್
6 ನವೆಂಬರ್ 1938

ನೆಸ್ತೋರಿ,

ಕ್ಷೇಮ ಎಂದು ಶುರು ಮಾಡಬೇಕು. ಇಲ್ಲಿ ಯಾರೂ ಕ್ಷೇಮವಿಲ್ಲ, ಹಾಗಾಗಿ ಅದನ್ನು ಬಿಟ್ಟಿದ್ದೇನೆ. ಕೆರೆಯ ಆಚೆ ದಡದಲ್ಲಿ ನಿನ್ನ ಮನೆಯ ಹೊಗೆ ನನ್ನ ಅಡುಗೆಮನೆ ಕಿಟಕಿಗೆ ಕಾಣುತ್ತದೆ. ಆದರೂ ಟಪಾಲಿನವನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ನಾನು ಬಂದರೆ ನೀನು ಬಾಗಿಲು ತೆಗೆಯುವುದಿಲ್ಲ, ತೆಗೆಯದಿದ್ದರೆ ನಾನು ಒದೆಯುತ್ತೇನೆ, ಇಬ್ಬರಿಗೂ ಆ ವಯಸ್ಸು ದಾಟಿದೆ. ಇದು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ. ತಪ್ಪಿದ್ದರೆ ನುಂಗಿಕೊ.

ಹೋದ ವಾರ ಮೇಲಿನ ಬಯಲಿಗೆ ಮೊಲದ ಉರುಳು ಹಾಕಲು ಹೋಗಿದ್ದೆ. ಹಳೆಯ ಮರದ ಕಂಪನಿ ಕ್ಯಾಂಪಿನ ಹಿಂದೆ, ಸ್ಪ್ರೂಸ್ ಮರಗಳ ಕೆಳಗೆ, ಒಂದು ಕಾರು ನಿಂತಿದೆ. ಹಳೆಯ ಟಿ ಮಾಡೆಲ್ ಫೋರ್ಡ್. ಮುಂದಿನ ಚಕ್ರ ಬಿಚ್ಚಿ ಮರದ ಜಾರುಹಲಗೆ ಹಾಕಿದ್ದಾರೆ. ಹಿಂದೆ ಎರಡು ಜೋಡಿ ಚಕ್ರ, ಅವುಗಳ ಸುತ್ತ ಕಬ್ಬಿಣದ ಹಲ್ಲಿನ ಪಟ್ಟಿ. ಹಿಮದ ಮೇಲೆ ಓಡಲೆಂದು ಮಾಡಿದ ಗಾಡಿ. ಚಾವಣಿ ಕುಸಿದಿದೆ. ನೆಲದ ಹಲಗೆ ಸೀಳಿಕೊಂಡು ಒಂದು ಬರ್ಚ್ ಗಿಡ ಸೀಟಿನವರೆಗೆ ಎದ್ದಿದೆ. ಬಣ್ಣ ಯಾವುದಿತ್ತು ಎಂದು ಈಗ ದೇವರಿಗೂ ಗೊತ್ತಾಗುವುದಿಲ್ಲ.

ನಮ್ಮ ಸೀಮೆಯಲ್ಲಿ ಇಂಥವು ನಾಲ್ಕೇ ಇದ್ದವು. ಡಾಕ್ಟರನದು ಕೊಟ್ಟಿಗೆಯ ಜೊತೆ ಸುಟ್ಟುಹೋಯಿತು. ಟಪಾಲಿನದು ಐಸ್ ಒಡೆದು ಕೆರೆ ಸೇರಿತು. ನಿನ್ನ ಮಗ ತೌನೊ ತನ್ನದನ್ನು ಹಡಗಿನ ಟಿಕೆಟ್ಟಿಗೆ ಮಾರಿದ. ಉಳಿದದ್ದು ಕಂಪನಿಯದು. ಕಂಪನಿ ಬಿಟ್ಟುಹೋದದ್ದು ಎತ್ತಿಕೊಂಡವನಿಗೆ ಎಂದು ಖುಷಿಪಟ್ಟುಕೊಂಡು ಜಾರುಹಲಗೆಯ ಮೇಲಿನ ಕೊಳೆ ಒರೆಸಿದೆ. ಒಂದು ಕೊಕ್ಕೆ, ಅದರ ಮೇಲೆ ಎರಡು ಗೀಟು. ನಿನ್ನ ಮನೆಗುರುತು. ನಿನ್ನ ಕೊಡಲಿಯ ಹಿಡಿಯಲ್ಲಿ, ದೋಣಿಯ ಹುಟ್ಟಿನಲ್ಲಿ ಎಷ್ಟು ಸಲ ನೋಡಿಲ್ಲ.

ಕಂಪನಿ ಮುಚ್ಚಿದಾಗ ಕುದುರೆ ಸಾಮಾನಿನ ಜೊತೆ ಇದನ್ನೂ ಹೊಡೆದುಕೊಂಡೆಯಾ? ಹೊಡೆದುಕೊಂಡು ಕೊಳೆಯಲು ಬಿಟ್ಟೆಯಾ? ಚರ್ಚಿನವರು ಹೀಗೇ, ತಾವೂ ತಿನ್ನುವುದಿಲ್ಲ. ಇರಲಿ. ಇನ್ನೊಬ್ಬನ ಗುರುತು ಇರುವ ವಸ್ತುವನ್ನು ನಾನು ಮುಟ್ಟುವುದಿಲ್ಲ. ಕೆಂಪು ಬಾವುಟದ ಸಂಘದವನಾದರೂ ನನ್ನಪ್ಪನ ಮಗನೇ. ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಹೆಂಡತಿ ಲೆಂಪಿ ವಸಂತದಿಂದ ಬಯಲಿನ ಆಚೆ ಊರಿನ ಕ್ಷಯದ ಆಸ್ಪತ್ರೆಯಲ್ಲಿದ್ದಾಳೆ. ನಿನಗೆ ಗೊತ್ತಿರಬಹುದು, ನೀನು ಕೇಳಲಿಲ್ಲ. ಮುಂದಿನ ವಸಂತ ಅವಳು ನೋಡುವುದಿಲ್ಲ ಎಂದು ಡಾಕ್ಟರು ಬರೆದಿದ್ದಾನೆ. ಆ ಕಾಗದ ಬಂದ ವಾರವೇ ಹಿಮ ಬಿದ್ದು ರಸ್ತೆ ಮುಚ್ಚಿತು. ರೈಲು ಹಳಿಯನ್ನು ಕಂಪನಿ ಹೋಗುವಾಗ ಕಿತ್ತುಕೊಂಡು ಹೋಗಿದೆ. ಕುದುರೆ ಬಂಡಿಯಲ್ಲಾದರೆ ದಾರಿಯಲ್ಲಿ ಒಂದು ರಾತ್ರಿ ಹೊರಗೆ ತಂಗಬೇಕು, ಆ ರಾತ್ರಿ ಅವಳಿಗೆ ಬೆಳಗಾಗುವುದಿಲ್ಲ. ಈ ಗಾಡಿ ಓಡಿದರೆ ಒಂದೇ ಹಗಲಿನಲ್ಲಿ ತರಬಹುದು. ಅವಳಿಗೆ ಮನೆಗೆ ಬರಬೇಕು. ಅಲ್ಲಿ ಪರಕೀಯರ ನಡುವೆ ಸಾಯಲಾರೆ ಎನ್ನುತ್ತಾಳೆ. ಇನ್ನೇನೂ ಬೇಡ.

ನಿನ್ನ ಮಗನ ಜೊತೆ ನಾನು ಹಡಗು ಹತ್ತಲಿಲ್ಲ ಎಂದು ನೀನು ಮಾತು ಬಿಟ್ಟೆ. ಮಾತು ಬೇಡ, ಗಾಡಿ ಕೊಡು.

ವಿಹ್ತೋರಿ


ಕಲ್ಲಿಯೊ
15 ನವೆಂಬರ್ 1938

ವಿಹ್ತೋರಿ ಆಲಾತಾಲೊ ಅವರಿಗೆ,

ನಿಮ್ಮ ಕಾಗದ ತಲುಪಿತು. ಲೆಂಪಿಯವರ ವಿಷಯ ಓದಿ ಬಹಳ ವ್ಯಥೆಯಾಯಿತು. ಭಾನುವಾರದ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿಸಿದ್ದೇನೆ.

ಆ ಗಾಡಿ ನನ್ನದಲ್ಲ. ನನ್ನ ಗುರುತಿಗೆ ಎರಡು ಗೀಟು. ಹೋಗಿ ಇನ್ನೊಮ್ಮೆ ಎಣಿಸಿ.

ಎಣಿಸಿದ ಮೇಲೆ ಅದನ್ನು ಮುಟ್ಟಬೇಡಿ.

ನೆಸ್ತೋರಿ ಕಿವಿಮಾಕಿ


ಹಿರ್ವಿಲಾ
27 ನವೆಂಬರ್ 1938

ನೆಸ್ತೋರಿ,

‘ನೀವು’ ಎಂದು ಬರೆದಿದ್ದೀಯ. ಬರಿ. ನಮ್ಮಿಬ್ಬರ ಅಮ್ಮಂದಿರು ಒಂದೇ ತೊಟ್ಟಿಯಲ್ಲಿ ನಮ್ಮನ್ನು ತೊಳೆದಿದ್ದಾರೆ, ಆದರೂ ಬರಿ.

ಹೋದೆ. ಸೀಮೆಎಣ್ಣೆ ಬಟ್ಟೆಯಿಂದ ಹಲಗೆ ಉಜ್ಜಿದೆ. ಮೂರು. ಮೊದಲ ಸಲ ಮೂರನೆಯದನ್ನು ಚಳಿಗೆ ಮರ ಬಿರಿದದ್ದು ಎಂದುಕೊಂಡಿದ್ದೆ. ಅಪ್ಪನ ಗುರುತಿಗೆ ಮಗ ಒಂದು ಗೀಟು ಸೇರಿಸಿ ತನ್ನದು ಮಾಡಿಕೊಳ್ಳುತ್ತಾನೆ ಎನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇ? ನನ್ನ ಗುರುತೂ ಹಾಗೆಯೇ ಬಂದದ್ದು. ಆದರೆ ತೌನೊ ಗಾಡಿ ಮಾರಿದ ಎಂದು ಏಳು ವರ್ಷದಿಂದ ತಲೆಯಲ್ಲಿ ಕೂತಿತ್ತು, ಕಣ್ಣು ತಲೆಯ ಮಾತು ಕೇಳಿತು.

ನೀನು ಮುಟ್ಟಬೇಡ ಎಂದದ್ದಕ್ಕೆ ಬಾನೆಟ್ ಎತ್ತಿದೆ. ಎಂಜಿನ್ನಿಗೆ ಕುರಿಚರ್ಮ ಸುತ್ತಿದೆ, ಉಣ್ಣೆ ಒಳಗೆ ಮಾಡಿ. ರೇಡಿಯೇಟರಿನಲ್ಲಿ ಒಂದು ತೊಟ್ಟು ನೀರಿಲ್ಲ. ಸ್ಟಿಯರಿಂಗಿನ ಕೀಲಿಗೆ ಬೆರಳಿಟ್ಟೆ. ಗ್ರೀಸ್ ಹಳದಿಯಾಗಿದೆ, ಮೃದುವಾಗಿದೆ. ಏಳು ವರ್ಷದ ಹಿಂದಿನ ಗ್ರೀಸ್ ಕಲ್ಲಾಗಿರುತ್ತದೆ. ಇದು ಈ ಶರತ್ಕಾಲದ್ದು.

ಬಾನೆಟ್ ಮುಚ್ಚಿ ಅಲ್ಲೇ ಒಂದು ಮರದ ಬೊಡ್ಡೆಯ ಮೇಲೆ ಕೂತೆ. ಎಷ್ಟು ಹೊತ್ತೋ. ಕಾಲು ಮರಗಟ್ಟಿದ ಮೇಲೆ ಎದ್ದೆ.

ತೌನೊ ರಷ್ಯಾದ ಕರೇಲಿಯಾಕ್ಕೆ ಹೋದದ್ದು ಕೂಲಿಗಾರರ ಹೊಸ ನಾಡು ಕಟ್ಟಲು. ನಮ್ಮ ಸಂಘದಿಂದ ಎಷ್ಟೋ ಜನ ಹೋದರು, ಗರಗಸ, ಹೊಲಿಗೆ ಯಂತ್ರ, ಮಕ್ಕಳು ಎಲ್ಲ ಹೊತ್ತುಕೊಂಡು. ಹೋದ ಚಳಿಗಾಲದಿಂದ ಒಬ್ಬರದೂ ಕಾಗದವಿಲ್ಲ. ಸಂಘದಲ್ಲಿ ಕೇಳಿದರೆ ಕಾಫಿ ಕುಡಿ ಎನ್ನುತ್ತಾರೆ. ನಾನು ಈಗ ಅಲ್ಲಿಗೆ ಹೋಗುವುದು ಬಿಟ್ಟಿದ್ದೇನೆ. ನಾನೂ ಹೋಗುವವನಿದ್ದೆ, ನಿನಗೆ ಮಾತು ಕೊಟ್ಟಿದ್ದೆ, ಹುಡುಗನ ಜೊತೆ ಇರುತ್ತೇನೆ ಎಂದು. ಟ್ರಂಕು ಕಟ್ಟಿದ ದಿನ ಲೆಂಪಿ ಕೈವಸ್ತ್ರಕ್ಕೆ ರಕ್ತ ಕೆಮ್ಮಿದಳು. ನಾನು ಉಳಿದೆ. ಅದಕ್ಕೆ ನಿನ್ನ ಕ್ಷಮೆ ಕೇಳುವುದಿಲ್ಲ, ಇನ್ನೊಂದು ಸಲ ಆದರೂ ಉಳಿಯುತ್ತೇನೆ. ಯಾವ ಹೆಂಗಸಿಗಾಗಿ ಉಳಿದೆನೋ ಅವಳು ಈಗ ಬಯಲಿನ ಆಚೆ ಇದ್ದಾಳೆ, ನಾನು ಈಚೆ ಇದ್ದೇನೆ. ಇದು ನಿನಗೆ ಸಾಕಲ್ಲವೇ?

ತೌನೊ ಬಂದರೆ ಗಾಡಿ ಅವನಿಗೇ. ಒಂದು ಹಗಲು ಕೊಡು. ಮತ್ತೆ ಅದೇ ಮರದ ಕೆಳಗೆ, ಅದೇ ದಿಕ್ಕಿಗೆ ನಿಲ್ಲಿಸುತ್ತೇನೆ.

ವಿಹ್ತೋರಿ


ಆಸ್ಪತ್ರೆ, ಎರಡನೇ ವರಾಂಡ
18 ಡಿಸೆಂಬರ್ 1938

ನನ್ನ ಮುಂಗೋಪಿ ಮುದುಕನಿಗೆ,

ನೀನು ಕಳಿಸಿದ ರೈ ರೊಟ್ಟಿ ಕಲ್ಲಿನ ಹಾಗಿತ್ತು. ಯಾರು ಸುಟ್ಟದ್ದು, ನೀನೇನಾ? ಕಾಫಿಯಲ್ಲಿ ಅದ್ದಿ ಅದ್ದಿ ತಿಂದೆ. ಪಕ್ಕದ ಹಾಸಿಗೆಯ ಹೆಂಗಸಿಗೂ ಕೊಟ್ಟೆ. ಅವಳು ನಿಮ್ಮಲ್ಲಿ ಇದನ್ನು ತಿನ್ನುತ್ತಾರೋ ಇದರಿಂದ ಮನೆ ಕಟ್ಟುತ್ತಾರೋ ಎಂದು ಕೇಳಿದಳು.

ಇಲ್ಲಿ ನಮ್ಮನ್ನು ಹಗಲೆಲ್ಲ ತೆರೆದ ವರಾಂಡದಲ್ಲಿ ಮಲಗಿಸುತ್ತಾರೆ. ತಣ್ಣನೆಯ ಗಾಳಿ ಎದೆಗೆ ಒಳ್ಳೆಯದಂತೆ. ಕಾಲಿಗೆ ತುಪ್ಪಳದ ಚೀಲ, ಮೂಗಿನ ಮೇಲೆ ಹಿಮ. ಚಳಿಯಲ್ಲಿ ಮಲಗಿ ಗುಣವಾಗುವುದಿದ್ದರೆ ನಮ್ಮೂರಿನಲ್ಲಿ ಒಬ್ಬರೂ ಸಾಯಬಾರದಿತ್ತು. ಬೆಳಗ್ಗೆ ತೂಕ ನೋಡುತ್ತಾರೆ. ಎಷ್ಟು ಎಂದು ನಾನು ಕೇಳುವುದಿಲ್ಲ, ನರ್ಸಮ್ಮ ಹೇಳುವುದಿಲ್ಲ, ಇಬ್ಬರಿಗೂ ಅದು ಅನುಕೂಲ.

ಗಾಡಿಯ ಕತೆ ಓದಿದೆ. ಗ್ರೀಸಿನ ಜಾಗಕ್ಕೆ ಬಂದಾಗ ಚಾದರವನ್ನು ಮುಖದ ಮೇಲೆ ಎಳೆದುಕೊಂಡೆ. ನೀನು ಅದನ್ನು ಮುಟ್ಟಬೇಡ ವಿಹ್ತೋರಿ. ನಾನು ಇವತ್ತಲ್ಲ ನಾಳೆ ಹೊರಡುವವಳು. ಎಲ್ಲಿ ಮಲಗಿ ಹೊರಟರೂ ಹೊರಟದ್ದೇ. ನೆಸ್ತೋರಿ ಮಗನಿಗಾಗಿ ಇನ್ನೂ ಬಹಳ ವರ್ಷ ಕಾಯಬೇಕಾದವನು, ಅವನಿಗೆ ಕಾಯಲು ಒಂದು ಜಾಗ ಬೇಕು. ಅವನಿಗೂ ನಾನೇ ಬರೆದಿದ್ದೇನೆ, ಈ ಮುದುಕ ಎಷ್ಟು ಅರಚಿದರೂ ಗಾಡಿ ಕೊಡಬೇಡ ಎಂದು. ಸಿಟ್ಟಾಗು, ಕುರ್ಚಿ ಒದಿ, ಆಮೇಲೆ ಒಪ್ಪಿಕೊ.

ಮನೆಗೆ ಬರಬೇಕು ಎಂದು ನಾನು ಬರೆದದ್ದನ್ನು ಮರೆತುಬಿಡು. ಜ್ವರ ಇತ್ತು, ಬರೆದೆ.

ಕಿಟಕಿಗೆ ಹಳೆಯ ಬಟ್ಟೆ ತುರುಕಿದೆಯಾ? ಉತ್ತರದ ಕಿಟಕಿಗೆ.

ಲೆಂಪಿ


ಹಿರ್ವಿಲಾ
22 ಜನವರಿ 1939

ನೆಸ್ತೋರಿ,

ಡಿಸೆಂಬರಿನಿಂದ ಎರಡು ಕಾಗದ ಹಾಕಿದೆ, ನಿನ್ನಿಂದ ಒಂದೂ ಇಲ್ಲ. ಇದು ಮೂರನೆಯದು. ಇದಕ್ಕೂ ಉತ್ತರ ಬರದಿದ್ದರೆ ನಾನೇ ಐಸ್ ದಾಟಿ ಬರುತ್ತೇನೆ, ಆಗ ನಿನ್ನ ಪಾದ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿರು.

ಕುದುರೆಯಲ್ಲಿ ಹೊರಟಿದ್ದೆ. ಬಂಡಿಯ ಮೇಲೆ ಹಲಗೆ ಕಟ್ಟಿ, ಒಳಗೆ ಸಣ್ಣ ಒಲೆ ಇಟ್ಟು, ಗೂಡಿನ ಹಾಗೆ ಮಾಡಿಕೊಂಡು. ಬಯಲು ಹತ್ತುವ ಮೊದಲೇ ಕುದುರೆ ಎದೆಯವರೆಗೆ ಹೂತುಹೋಯಿತು. ಅಗೆದೆ. ಎದ್ದಿತು. ಮತ್ತೆ ಹೂತುಹೋಯಿತು. ಆಮೇಲೆ ಏಳಲು ಪ್ರಯತ್ನವನ್ನೂ ಮಾಡಲಿಲ್ಲ, ನನ್ನ ಕಡೆ ನೋಡುತ್ತ ಮಲಗಿತು. ಅದಕ್ಕೆ ಇಪ್ಪತ್ತೆರಡು ವರ್ಷ. ಬಂದೂಕು ತರಲು ಮನೆಗೆ ನಡೆದೆ. ವಾಪಸು ಹೋಗುವಷ್ಟರಲ್ಲಿ ಬಂದೂಕು ಬೇಕಾಗಲಿಲ್ಲ.

ಅಲ್ಲಿಂದ ನೇರ ಕ್ಯಾಂಪಿಗೆ ಹೋದೆ. ನಿನ್ನ ಗುರುತು, ನಿನ್ನ ಮಗನ ಗುರುತು, ಯಾವುದೂ ಕಣ್ಣಿಗೆ ಬೀಳಲಿಲ್ಲ. ಕದಿಯಲೆಂದೇ ಹೋದೆ, ಬರೆದು ಕೊಡುತ್ತಿದ್ದೇನೆ. ಎಂಜಿನ್ನಿನ ಕೆಳಗೆ ಕೆಂಡ ಇಟ್ಟೆ, ಬಿಸಿನೀರು ಹುಯ್ದೆ, ಹ್ಯಾಂಡಲ್ ಹೊಡೆದೆ. ತೋಳು ಸೋಲುವವರೆಗೆ ಹೊಡೆದೆ. ಕಿಡಿ ಇಲ್ಲ. ಆಮೇಲೆ ನೋಡಿದರೆ ಕಿಡಿ ಕೊಡುವ ಕಾಯಿಲ್ ಪೆಟ್ಟಿಗೆ ಇರಬೇಕಾದ ಕಡೆ ಖಾಲಿ. ಅಲ್ಲಿ ಕೂತು ನಿನ್ನನ್ನು, ನಿನ್ನ ದೇವರನ್ನು, ನನ್ನ ಸಂಘವನ್ನು, ರಷ್ಯಾದವರನ್ನು, ಎಲ್ಲರನ್ನೂ ಬೈದೆ. ಕೇಳಲು ಒಂದು ಕಾಗೆಯೂ ಇರಲಿಲ್ಲ.

ಲೆಂಪಿಯ ಕಾಗದವನ್ನು ಈಗ ನರ್ಸು ಬರೆಯುತ್ತಾಳೆ. ಇಂಗ್ಲಿಷಿನಲ್ಲಿ. ಅದನ್ನು ಓದಿಸಲು ನಾನು ಅಂಗಡಿಯವನ ಮುಂದೆ ನಿಲ್ಲಬೇಕು. ಹೆಂಡತಿ ನನಗೆ ಬರೆದದ್ದನ್ನು ಅಂಗಡಿಯವನು ಉಪ್ಪುಮೀನು ತೂಗುತ್ತ ಜೋರಾಗಿ ಓದುತ್ತಾನೆ. ಕೊನೆಯ ಕಾಗದದಲ್ಲಿ ಒಂದೇ ಸಾಲು ನಮ್ಮ ಭಾಷೆಯಲ್ಲಿತ್ತು, ಅವಳ ಕೈಬರಹ, ಇಳಿಜಾರಿನಲ್ಲಿ ಜಾರಿದ ಹಾಗೆ: ಈ ವರಾಂಡದಿಂದ ಒಂದು ಮರವೂ ಕಾಣುವುದಿಲ್ಲ.

ಕೊಡಬೇಡ ಎಂದು ಅವಳು ನಿನಗೆ ಬರೆದಿದ್ದಾಳೆ, ಗೊತ್ತು. ಅವಳ ಮಾತು ಕೇಳಬೇಡ. ನಾನು ಯಾರ ಮುಂದೆಯೂ ಮಂಡಿ ಊರಿದವನಲ್ಲ, ಚರ್ಚಿನಲ್ಲೂ ಊರಲಿಲ್ಲ, ಗಣಿಯ ಸಾಹೇಬನ ಮುಂದೆಯೂ ಊರಲಿಲ್ಲ. ಈಗ ಊರಿದ್ದೇನೆ ಎಂದು ತಿಳಿದುಕೊ. ಮೇಜಿನ ಕಾಲು ಹಿಡಿದು ಎದ್ದೇಳಬೇಕಾಗುತ್ತದೆ, ಅಷ್ಟೇ.

ಪೆಟ್ಟಿಗೆ ಕೊಡು.

ವಿಹ್ತೋರಿ


ಕಲ್ಲಿಯೊ
5 ಫೆಬ್ರವರಿ 1939

ವಿಹ್ತೋರಿ,

ನೀನು ಕದಿಯಲು ಹೋದದ್ದು ನಿನ್ನ ಕಾಗದಕ್ಕೆ ಮೊದಲೇ ಗೊತ್ತಾಯಿತು. ಹೆಜ್ಜೆ ನೋಡಿದೆ. ಕೆಂಡವನ್ನು ಬರಿಯ ನೆಲದ ಮೇಲೆ ಇಟ್ಟಿದ್ದೀಯ. ತಗಡಿನ ಮೇಲೆ ಇಡಬೇಕಿತ್ತು. ಗಾಡಿಯೇ ಸುಟ್ಟುಹೋಗುತ್ತಿತ್ತು.

ಪೆಟ್ಟಿಗೆ ನನ್ನ ಒಲೆಯ ಮೇಲಿನ ಹಲಗೆಯಲ್ಲಿದೆ. ಅದಕ್ಕೆ ತೇವ ತಗುಲಬಾರದು ಎಂದು ತೌನೊ ಹೇಳಿ ಹೋದ. ಗಾಡಿಯನ್ನು ಮಾರಿದೆ ಎಂದು ಎಲ್ಲರಿಗೂ ಹೇಳಿದ್ದು ಅವನೇ, ಇಲ್ಲದಿದ್ದರೆ ನಿಮ್ಮ ಸಂಘದವರು ಅದನ್ನೂ ಹಡಗಿಗೆ ಹಾಕಿಸುತ್ತಿದ್ದರು. ಅಲ್ಲಿ ಸರಿಹೋಗದಿದ್ದರೆ ಬರುತ್ತೇನೆ ಅಪ್ಪಾ, ಇದು ಇರಲಿ ಎಂದ. ಸರಿಹೋಗದಿದ್ದರೆ ಎಂದು ಅವನು ಹೇಳಿದ್ದು ನನಗೆ ಮಾತ್ರ.

ಅವನಿಗಾಗಿ ಪ್ರಾರ್ಥನೆ ಮಾಡಿಸು, ಸತ್ತವರಿಗೆ ಮಾಡಿಸುವಂಥದ್ದು ಎಂದು ಪಾದ್ರಿ ಎರಡು ಸಲ ಹೇಳಿದರು. ನಾನು ಎದ್ದು ಬಂದೆ. ಗಾಡಿ ಅಲ್ಲಿ ನಿಂತಿದೆ, ಎಂಜಿನ್ ಚೆನ್ನಾಗಿದೆ, ಇನ್ನು ಯಾವ ಬಾಯಿಂದ ಅದನ್ನು ಮಾಡಿಸಲಿ?

ಲೆಂಪಿಯ ಕಾಗದ ಕ್ರಿಸ್‌ಮಸ್ಸಿಗೆ ಮೊದಲು ಬಂತು. ಮೇಜಿನ ಮೇಲೆ ಇಟ್ಟುಕೊಂಡು ಇಷ್ಟು ದಿನ ಕೂತಿದ್ದೆ. ಕೊಡು ಎಂದು ಬರೆದಿದ್ದರೆ ಇಲ್ಲ ಎನ್ನುತ್ತಿದ್ದೆ. ಕೊಡಬೇಡ ಎಂದು ಬರೆದಿದ್ದಾಳೆ.

ಗುರುವಾರ ಬೆಳಕು ಹರಿಯುವಾಗ ಕ್ಯಾಂಪಿನಲ್ಲಿ ಇರುತ್ತೇನೆ. ನೀನು ಸಣ್ಣ ಗರಗಸ, ಹಲಗೆ, ಗುಡಾರದ ಬಟ್ಟೆ, ಸೀಮೆಎಣ್ಣೆ, ಪೀಪಾಯಿಯ ಕಬ್ಬಿಣದ ಬಳೆ ಸಿಕ್ಕಷ್ಟು ತಾ. ಪಟ್ಟಿಯ ಹಲ್ಲು ಬಹಳ ಹೋಗಿವೆ. ಪೆಟ್ಟಿಗೆಯನ್ನು ನಾನು ಅಂಗಿಯೊಳಗೆ ಇಟ್ಟುಕೊಂಡು ತರುತ್ತೇನೆ. ಓಡಿಸುವವನು ನಾನು.

ಕರೇಲಿಯಾದ ಮಾತು ಎತ್ತಿದರೆ ಪೆಟ್ಟಿಗೆ ತೆಗೆದುಕೊಂಡು ಮನೆಗೆ ಹೋಗುತ್ತೇನೆ.

ನೆಸ್ತೋರಿ


ಕ್ಯಾಂಪು
26 ಫೆಬ್ರವರಿ 1939

ಲೆಂಪಿ,

ಇದನ್ನು ನರ್ಸಿಗೆ ಓದಲು ಕೊಡಬೇಡ, ಅವಳಿಗೆ ಹೇಗೂ ಬರುವುದಿಲ್ಲ. ಕಣ್ಣು ಸೋತರೆ ನಿಧಾನ ಓದು.

ನೀನು ಬೇಡ ಎಂದದ್ದನ್ನು ಇಬ್ಬರು ಮುದುಕರು ಸೇರಿ ಮಾಡುತ್ತಿದ್ದೇವೆ. ನೆಸ್ತೋರಿ ಮುದುಕನಾಗಿದ್ದಾನೆ. ಮೇಲಿನ ಹಲ್ಲು ಒಂದೂ ಇಲ್ಲ. ಬಂದವನೇ ಗಾಡಿಯ ಸುತ್ತ ಒಂದು ಸುತ್ತು ಹಾಕಿ ನನ್ನ ಗರಗಸ ಕಸಿದುಕೊಂಡ. ನೆಲದಿಂದ ಎದ್ದಿದ್ದ ಬರ್ಚ್ ಗಿಡವನ್ನು ನಾನು ಕಡಿಯಬಾರದಂತೆ. ತಾನೇ ಮಂಡಿಯೂರಿ, ಬುಡದಲ್ಲಿ, ಹಲಗೆಗೆ ಒಂದು ಗೀರೂ ಆಗದ ಹಾಗೆ ಕೊಯ್ದ. ಅಷ್ಟರಲ್ಲಿ ನಾನು ಒಂದು ಮನೆ ಕಟ್ಟುತ್ತಿದ್ದೆ.

ಪಟ್ಟಿಯನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಒಂದೊಂದು ಹಲ್ಲನ್ನೂ ಬೆಂಕಿಯಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡಿದೆವು. ಇಲ್ಲದ ಕಡೆ ಪೀಪಾಯಿಯ ಬಳೆ ಕತ್ತರಿಸಿ ಹಾಕಿದೆವು. ಚಾವಣಿಗೆ ಸೌನಾದ, ನಮ್ಮ ಉಗಿಸ್ನಾನದ ಕೋಣೆಯ, ಬಾಗಿಲು ಬಂದಿದೆ, ಬೈಯಬೇಡ, ಇನ್ನೊಂದು ಮಾಡುತ್ತೇನೆ. ಸೈಲೆನ್ಸರಿನ ಪೈಪನ್ನು ಬಗ್ಗಿಸಿ ನಿನ್ನ ಕಾಲಿನ ಕೆಳಗೆ ಹಾಯಿಸಿದ್ದೇವೆ, ಅದರ ಮೇಲೆ ತಗಡಿನ ಪೆಟ್ಟಿಗೆ. ಬೆಚ್ಚಗಿರುತ್ತದೆ. ಹೊಗೆ ಬಂದರೆ ಹೇಳು.

ಹಿಂದಿನ ಚಕ್ರಗಳ ಆಕ್ಸಲ್ಲಿನ ಮೇಲೆ ನನಗೆ ನಂಬಿಕೆ ಬಂದಿಲ್ಲ. ಒಂದು ಕಡೆ ತುಕ್ಕು ಒಳಗೆ ಹೋಗಿದೆ. ನೆಸ್ತೋರಿ ಅದನ್ನು ಬೆರಳಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟು ಕೇಳುತ್ತಾನೆ. ಬೇರೆ ಆಕ್ಸಲ್ ಇಲ್ಲ. ಹಿಮ ಈಗ ಗಟ್ಟಿ ಇದೆ, ಇನ್ನು ಸ್ವಲ್ಪ ದಿನದಲ್ಲಿ ಮೆತ್ತಗಾಗುತ್ತದೆ. ಕಾಯಲು ಆಗುವುದಿಲ್ಲ.

ನಿನ್ನೆ ಎಂಜಿನ್ ಎಬ್ಬಿಸಿದೆವು. ಕೆಂಡ, ತಗಡಿನ ಮೇಲೆ. ಬಿಸಿನೀರು. ಹಿಂದಿನ ಒಂದು ಕಡೆ ಎತ್ತಿ ಮರದ ತುಂಡು ಕೊಟ್ಟು ನಾನು ಹ್ಯಾಂಡಲ್ ಹೊಡೆದೆ. ಮೊದಲ ಸಲ ತಿರುಗಿ ಒದ್ದಿತು, ಹೆಬ್ಬೆರಳು ಈಗ ಬದನೆಕಾಯಿ ಆಗಿದೆ. ಎರಡನೇ ಸಲ ಕೆಮ್ಮಿತು. ಮೂರನೇ ಸಲ ಹಿಡಿದುಕೊಂಡಿತು. ಮರದ ಮೇಲಿನ ಹಿಮವೆಲ್ಲ ಅದುರಿ ನಮ್ಮ ತಲೆಯ ಮೇಲೆ ಬಿತ್ತು. ನಾನು ಟೋಪಿ ಎಸೆದೆ. ತಿರುಗಿ ನೋಡಿದರೆ ನೆಸ್ತೋರಿ ಇಲ್ಲ. ಕ್ಯಾಂಪಿನ ಗೋಡೆಯ ಹಿಂದೆ ಹೋಗಿದ್ದ. ನಾನು ಹುಡುಕಿಕೊಂಡು ಹೋಗಲಿಲ್ಲ. ಎಂಜಿನ್ ಆರಿಹೋಗದ ಹಾಗೆ ನೋಡಿಕೊಂಡು ನಿಂತೆ.

ಗಾಳಿ ನಿಂತ ಮೊದಲ ದಿನ ಹೊರಡುತ್ತೇವೆ. ನಿನ್ನ ಉಣ್ಣೆ ಬಟ್ಟೆಯೆಲ್ಲ ಹಾಕಿಕೊಂಡು ಇರು. ಡಾಕ್ಟರು ಸಹಿ ಕೇಳಿದರೆ ಮಾಡಿಬಿಡು, ಏನು ಬರೆದಿದೆ ಎಂದು ಓದುತ್ತ ಕೂರಬೇಡ.

ಅಲ್ಲಿಯವರೆಗೆ ಇರು. ಇಷ್ಟೇ ನಾನು ನಿನಗೆ ಹೇಳುತ್ತಿರುವುದು. ಇರು.

ವಿಹ್ತೋರಿ


ಹಿರ್ವಿಲಾ
14 ಮೇ 1939

ತೌನೊ,

ನಾನು ಕೆರೆಯ ಈಚೆ ದಡದ ವಿಹ್ತೋರಿ. ನಿನ್ನ ಜೊತೆ ಹಡಗು ಹತ್ತಬೇಕಿದ್ದವನು. ನಿನ್ನಪ್ಪ ಬರೆದ ಕಾಗದಗಳೆಲ್ಲ ರಷ್ಯಾದ ಮುದ್ರೆ ಒತ್ತಿಸಿಕೊಂಡು ವಾಪಸು ಬರುತ್ತಿವೆ. ಇದಕ್ಕೆ ಸಂಘದ ಮೊಹರು ಹಾಕಿಸಿದ್ದೇನೆ. ಅದಕ್ಕಾಗಿ ಅಲ್ಲಿ ಹೋಗಿ ಅವರ ಕಾಫಿ ಕುಡಿದು ಬಂದೆ. ಕೆಂಪು ಮೊಹರು ಇದ್ದರಾದರೂ ಮುಂದಕ್ಕೆ ಕೊಡುತ್ತಾರೋ ನೋಡೋಣ.

ನಿನ್ನ ಗಾಡಿಯನ್ನು ನಾವು ತೆಗೆದೆವು. ನಿನಗೆ ತಿಳಿಸಬೇಕು, ನಿನ್ನಪ್ಪ ತಿಳಿಸುವುದಿಲ್ಲ.

ಮಾರ್ಚ್ ಮೊದಲಲ್ಲಿ ಹೊರಟೆವು. ನೀನು ಒಳ್ಳೆಯ ಗಾಡಿ ಮಾಡಿದ್ದೆ. ನನ್ನ ಕುದುರೆ ಸತ್ತ ಜಾಗವನ್ನು ಅದು ದೋಣಿಯ ಹಾಗೆ ದಾಟಿತು. ಮಧ್ಯಾಹ್ನಕ್ಕೆ ಮೊದಲೇ ಆಸ್ಪತ್ರೆ ಸೇರಿದೆವು. ಲೆಂಪಿಯನ್ನು ನಾನೇ ಎತ್ತಿಕೊಂಡು ಬಂದೆ, ಕಂಬಳಿಯ ಭಾರವೇ ಹೆಚ್ಚಿತ್ತು. ಅವಳು ನಿನ್ನಪ್ಪನನ್ನು ನೋಡಿ ಮೊದಲು ಹೇಳಿದ್ದು, “ನೆಸ್ತೋರಿ, ಬೇಡ ಅಂತ ಬರೆದಿದ್ದೆನಲ್ಲ.” ಅವನು, “ಓದಿದೆ,” ಎಂದ. ಅಷ್ಟೇ.

ಬರುವಾಗ ಬಯಲಿನ ಜೌಗಿನ ಮೇಲೆ, ಮನೆ ಇನ್ನು ಸ್ವಲ್ಪವೇ ದೂರ ಇರುವಾಗ, ಹಿಂದಿನ ಆಕ್ಸಲ್ ಮುರಿಯಿತು. ಬಂದೂಕಿನ ಸದ್ದು ಬಂತು. ಆಮೇಲೆ ಎಂಜಿನ್ ಓಡುತ್ತಿತ್ತು, ಗಾಡಿ ಓಡುತ್ತಿರಲಿಲ್ಲ. ಹೊತ್ತು ಇಳಿಯುತ್ತಿತ್ತು. ಎಂಜಿನ್ ಆರಿದರೆ ಒಳಗಿನ ಶಾಖ ಹೋಗುತ್ತದೆ, ಪೆಟ್ರೋಲು ತಳಕ್ಕೆ ಬಂದಿತ್ತು. ನಾನು ಹಿಮದಲ್ಲಿ ನಿಂತು ಆಕ್ಸಲ್ಲನ್ನು ಒದೆಯುತ್ತಿದ್ದೆ. ನಿನ್ನಪ್ಪ ಮುಂದೆ ಹೋಗಿ ಜಾರುಹಲಗೆಯ ಪಕ್ಕ ಮಂಡಿಯೂರಿದ.

“ಸ್ಪ್ಯಾನರ್ ಕೊಡು.”

ಅವನು ಏನು ಮಾಡಲು ಹೊರಟಿದ್ದಾನೆ ಎಂದು ಗೊತ್ತಾಯಿತು. ಹಲಗೆ ಬಿಚ್ಚಿದರೆ ಗಾಡಿಯ ಮುಂದಿನ ಭಾಗ ಹಿಮಕ್ಕೆ ಇಳಿಯುತ್ತದೆ. ಮತ್ತೆ ಎತ್ತಲು ನಮ್ಮಿಬ್ಬರಿಂದ ಆಗುವುದಿಲ್ಲ, ಜೌಗಿನ ಮೇಲೆ ಕುದುರೆಗಳನ್ನು ತರುವ ಹಾಗಿಲ್ಲ, ಹಿಮ ಕರಗಿದರೆ ಜೌಗು ಅದನ್ನು ನುಂಗುತ್ತದೆ.

“ಬೇರೆ ಏನಾದ್ರೂ ನೋಡೋಣ ಕಣೋ,” ಎಂದೆ. ನಾನು ಹೇಳಿದೆ, ತೌನೊ. ಗಾಡಿ ಬೇಡಿ, ಕದಿಯಲು ಹೋಗಿ, ಕೊನೆಗೆ ಹಾಗೆಂದವನು ನಾನೇ.

“ಅವಳಿಗೆ ಚಳಿ ಆಗ್ತಿದೆ. ಕೊಡು.”

ನನ್ನ ಹೆಬ್ಬೆರಳು ಊದಿತ್ತು, ಬೋಲ್ಟ್ ತಿರುಗಿಸಲು ನನ್ನಿಂದ ಆಗುತ್ತಿರಲಿಲ್ಲ. ನಾಲ್ಕೂ ಬೋಲ್ಟನ್ನು ಅವನೇ ಬಿಚ್ಚಿದ. ಎರಡು ಹಲಗೆಯ ಮೇಲೆ ಸೌನಾದ ಬಾಗಿಲು ಕಟ್ಟಿ, ಬಾಗಿಲ ಮೇಲೆ ಲೆಂಪಿಯನ್ನು ಕಟ್ಟಿ, ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆದೆವು. ಅವಳು ಮಲಗಿಕೊಂಡೇ ನಮಗೆ ದಾರಿ ಹೇಳುತ್ತಿದ್ದಳು, ಎಡಕ್ಕೆ ಎಳಿ, ನೆಸ್ತೋರಿ, ಈ ಮುದುಕ ಯಾವಾಗಲೂ ಬಲಕ್ಕೇ ಎಳೆಯುತ್ತಾನೆ ಎಂದು. ನಗುತ್ತಿದ್ದಳೋ ಕೆಮ್ಮುತ್ತಿದ್ದಳೋ ತಿಳಿಯುತ್ತಿರಲಿಲ್ಲ. ನಿನ್ನಪ್ಪ ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ. ನಾನು ತಿರುಗಿದೆ. ಬಯಲಿನ ನಡುವೆ ಮೂತಿ ಹೂತುಕೊಂಡು ಎಂಜಿನ್ ಇನ್ನೂ ಓಡುತ್ತಿತ್ತು. ನಾವು ಮರಗಳ ಸಾಲಿನ ಹತ್ತಿರ ಬಂದಾಗ ನಿಂತುಹೋಯಿತು.

ಲೆಂಪಿ ಮನೆಯಲ್ಲಿ ಈಸ್ಟರ್ ವಾರದವರೆಗೆ ಇದ್ದಳು. ಕಿಟಕಿಯ ಹತ್ತಿರ ಹಾಸಿಗೆ ಹಾಕಿದ್ದೆ, ಮರ ಕಾಣುವ ಹಾಗೆ. ನೆಲ ಇನ್ನೂ ಕಲ್ಲಾಗಿತ್ತು. ಗುಂಡಿ ತೆಗೆಯಲು ಅಲ್ಲಿ ಬೆಂಕಿ ಹಾಕಿ ನೆಲ ಕರಗಿಸಬೇಕಾಯಿತು. ನಮ್ಮ ಸಂಘದ ಸ್ಮಶಾನಕ್ಕೆ ಕಾಲಿಡದ ನಿನ್ನಪ್ಪ ಸೌದೆ ಹೊತ್ತು ತಂದು ಬೆಂಕಿ ಕಾದ. ಪ್ರಾರ್ಥನೆ ಹೇಳಬೇಡ ಎಂದೆ. ಹೇಳಿದ.

ಹಿಮ ಕರಗಿತೆಂದು ತಿಳಿದ ಕೂಡಲೇ ಇಬ್ಬರೂ ಹಗ್ಗ, ರಾಟೆ, ಮರದ ತೊಲೆ ಹೊತ್ತು ಜೌಗಿಗೆ ಹೋದೆವು. ಬಾನೆಟ್ಟಿನ ಮೇಲ್ಭಾಗ ಮಾತ್ರ ನೀರಿನ ಮೇಲೆ ಇತ್ತು. ನಿನ್ನಪ್ಪ ಸೊಂಟದವರೆಗೆ ಇಳಿದು ಕೆಸರಿನಲ್ಲಿ ತಡಕಿ ಹಗ್ಗ ಕಟ್ಟಿದ. ಎಳೆದೆವು. ಹಗ್ಗ ಹರಿಯಿತು. ಮತ್ತೆ ಕಟ್ಟಿದ. ಮರುದಿನ ಹೋದಾಗ ಕಟ್ಟಲು ಏನೂ ಮೇಲಿರಲಿಲ್ಲ. ಅವನು ದಂಡೆಯಲ್ಲಿ ನಿಂತು, “ಎಂಜಿನ್ ಚೆನ್ನಾಗಿತ್ತು,” ಎಂದ. ಕರೇಲಿಯಾದ ಮಾತು ಎತ್ತಬಾರದು ಎಂದು ನನಗೆ ಹೇಳಿದ್ದವನು ದಾರಿಯುದ್ದಕ್ಕೂ ನಿನ್ನ ಮಾತೇ ಆಡಿಕೊಂಡು ಬಂದ, ನೀನು ಚಿಕ್ಕವನಿದ್ದಾಗ ಏನು ತಿನ್ನುತ್ತಿದ್ದೆ, ಯಾವುದಕ್ಕೆ ಹೆದರುತ್ತಿದ್ದೆ ಎಂದು. ಎಲ್ಲವನ್ನೂ ‘ಇದ್ದ’ ‘ಮಾಡಿದ್ದ’ ಎಂದೇ ಹೇಳಿದ, ಸತ್ತವರ ಬಗ್ಗೆ ಹೇಳುವ ಹಾಗೆ. ನನಗೆ ಅವನ ಬಾಯಿ ಮುಚ್ಚಬೇಕು ಅನ್ನಿಸಿತು.

ಈಗ ಅವನು ದಿನಾ ದೋಣಿಯಲ್ಲಿ ನಮ್ಮ ಮನೆಗೆ ಬರುತ್ತಾನೆ. ಕೂರುತ್ತಾನೆ, ಕಾಫಿ ಕುಡಿಯುತ್ತಾನೆ, ಹೋಗುತ್ತಾನೆ. ಹೋದ ಭಾನುವಾರ ಪಾದ್ರಿಯ ಹತ್ತಿರ ಮಾತಾಡಿದ್ದಾನಂತೆ, ನಿನ್ನ ಹೆಸರಿನಲ್ಲಿ ಸತ್ತವರ ಪ್ರಾರ್ಥನೆ ಮಾಡಿಸಲು. ಬೇಸಿಗೆ ಕಳೆಯಲಿ ಎಂದು ನಾನು ಜಗಳ ಮಾಡಿ ನಿಲ್ಲಿಸಿದ್ದೇನೆ. ಬೇಸಿಗೆ ಕಳೆಯುವವರೆಗೆ ಮಾತ್ರ ನಿಲ್ಲಿಸಬಲ್ಲೆ.

ಒಂದು ಸಾಲು ಬರಿ. ಹೇಗಿದ್ದೀಯ ಎಂದು ಬರೆಯುವುದು ಅಲ್ಲಿ ಕಷ್ಟವಾದರೆ ಬಿಡು. ನನ್ನ ಗಾಡಿಯನ್ನು ಯಾರನ್ನು ಕೇಳಿ ಮುಟ್ಟಿದಿರಿ, ಹಾಳು ಮುದುಕರಾ, ಎಂದು ಬೈದು ಬರಿ. ಆ ಕಾಗದವನ್ನು ನಾನೇ ದೋಣಿ ಹಾಕಿ ಆಚೆ ದಡಕ್ಕೆ ತೆಗೆದುಕೊಂಡು ಹೋಗುತ್ತೇನೆ.

ವಿಹ್ತೋರಿ ಆಲಾತಾಲೊ